ಸ್ವರ್ಣಮುಖ ಯೋಹಾನರ ನಲವತ್ತು ದಿನಗಳು

ಕ್ರೈಸ್ತರು ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳನ್ನು ಉಪವಾಸದ ಕಾಲವಾಗಿ ಆಚರಿಸುವರೆಂಬುದು ಶ್ರಾವಕ ಶ್ರಾವಿಕೆಯರಿಗೆ ಹೊಸ ಸಂಗತಿಯಲ್ಲ. ನೆರೆಯ ಕ್ರೈಸ್ತ ಕುಟುಂಬಗಳು ಆ ದಿನಗಳಲ್ಲಿ ಮಾಂಸವನ್ನು ತೊರೆಯುವುದನ್ನೂ ಶುಕ್ರವಾರಗಳಂದು ಒಪ್ಪೊತ್ತು ಮಾಡುವುದನ್ನೂ ಅನೇಕರು ಕಂಡಿರುತ್ತಾರೆ. ಕನ್ನಡ ಕ್ರೈಸ್ತರು ತಪಸ್ಸು ಕಾಲವೆಂದು ಕರೆಯುವ ಈ ವ್ರತಾವಧಿಗೆ ಮೊದಲಿನ ಶತಮಾನಗಳಲ್ಲಿ ಇನ್ನೊಂದು ಮುಖವೂ ಇದ್ದಿತು. ಸಂಘಕ್ಕೆ ಹೊಸಬರನ್ನು ಸೇರಿಸಿಕೊಳ್ಳುವ ಕಾಲವೂ ಅದೇ ಆಗಿದ್ದಿತು. ದೀಕ್ಷೆಯನ್ನು ಬಯಸಿದವನು ಈ ದಿನಗಳಲ್ಲಿ ತನ್ನ ಹೆಸರನ್ನು ಬರೆಯಿಸಿ, ಉಪವಾಸವಿದ್ದು, ಉಪದೇಶವನ್ನು ಕೇಳಿ, ಈಸ್ಟರಿನ ಹಿಂದಿನ ರಾತ್ರಿ ಜ್ಞಾನಸ್ನಾನವನ್ನು ಪಡೆಯುತ್ತಿದ್ದನು. ಹಳಬರು ಅವನ ಜೊತೆಯಲ್ಲಿ ಉಪವಾಸವಿರುತ್ತಿದ್ದರು. ಬಾಗಿಲಲ್ಲಿ ನಿಂತಿರುವ ಅಪರಿಚಿತನಿಗಾಗಿ ಒಳಗಿರುವವರೂ ಹಸಿದಿರುವುದು ಆ ವ್ರತದ ಒಂದು ಅಂಗವಾಗಿದ್ದಿತೆಂದರೆ ತಪ್ಪಾಗದು.

ಈ ಎರಡು ಕೆಲಸಗಳನ್ನೂ, ಎಂದರೆ ಉಪವಾಸವನ್ನು ಬೋಧಿಸುವುದನ್ನೂ ಹೊಸಬರನ್ನು ಬರಮಾಡಿಕೊಳ್ಳುವುದನ್ನೂ, ಬಾಳಿನುದ್ದಕ್ಕೂ ನಡೆಸಿ ಕಡೆಗೆ ಅದಕ್ಕಾಗಿಯೇ ಬಹಳ ಕಷ್ಟಕ್ಕೆ ಗುರಿಯಾದವರು ಯೋಹಾನ ಕ್ರಿಸೋಸ್ತೋಮರು. ಕ್ರಿಸೋಸ್ತೋಮ ಎಂಬುದು ಗ್ರೀಕ್ ಮಾತು. ಹೊನ್ನಿನ ಬಾಯುಳ್ಳವನು ಎಂದು ಅದರ ಅರ್ಥ. ಅವರ ವಾಗ್ವೈಭವಕ್ಕೆ ಮೆಚ್ಚಿ ಜನರು ಇಟ್ಟ ಈ ಹೆಸರು ಅವರು ತೀರಿಕೊಂಡ ಮೇಲೆ ಬಳಕೆಗೆ ಬಂದುದಾಗಿದೆ.

ಯೋಹಾನರು ಜನಿಸಿದ್ದು ಸಿರಿಯಾ ಪ್ರಾಂತದ ಮುಖ್ಯಪಟ್ಟಣವಾದ ಅಂತಿಯೋಕ್ಯದಲ್ಲಿ, ಕ್ರಿ.ಶ. 349ರ ಸುಮಾರಿಗೆ. ಯೇಸುವಿನ ಅನುಯಾಯಿಗಳಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಿದ್ದುದು ಈ ಪಟ್ಟಣದಲ್ಲಿಯೇ. ಇಂದು ಅದು ತುರ್ಕಿ ದೇಶಕ್ಕೆ ಸೇರಿದ ಅಂತಾಕ್ಯ. ತಂದೆ ಸೆಕುಂಡಸ್ ಸೈನ್ಯಾಧಿಕಾರಿಯ ಕಚೇರಿಯಲ್ಲಿ ಉದ್ಯೋಗಿಯಾಗಿದ್ದು, ಮಗು ಇನ್ನೂ ತೊಟ್ಟಿಲಲ್ಲಿರುವಾಗಲೇ ತೀರಿಕೊಂಡರು. ತಾಯಿ ಅಂಥೂಸ ಇಪ್ಪತ್ತರ ಹರೆಯದ ವಿಧವೆ. ಮರುಮದುವೆಯನ್ನು ಒಲ್ಲದೆ ಮಗನನ್ನು ಸಾಕಿ, ಆ ಕಾಲದ ಸುಪ್ರಸಿದ್ಧ ವಾಗ್ಮಿಯಾದ ಲಿಬೇನಿಯಸನ ಬಳಿ ವಿದ್ಯೆ ಕಲಿಸಿದಳು. ಲಿಬೇನಿಯಸನು ಕ್ರೈಸ್ತನಲ್ಲ, ಹಳೆಯ ಗ್ರೀಕ್ ದೇವತೆಗಳನ್ನು ಆರಾಧಿಸುವವನು. ಶಿಷ್ಯನು ಗುರುವಿನ ಧರ್ಮವನ್ನು ಹಿಡಿಯಲಿಲ್ಲ, ಅವನ ಮಾತಿನ ಕಲೆಯನ್ನು ಮಾತ್ರ ಪೂರ್ತಿಯಾಗಿ ಕಲಿತನು.

ತಾಯಿ ಕ್ರೈಸ್ತಳಾಗಿದ್ದರೂ ಮಗನಿಗೆ ಎಳವೆಯಲ್ಲಿ ಜ್ಞಾನಸ್ನಾನವಾಗಿರಲಿಲ್ಲ. ಪ್ರಾಯಕ್ಕೆ ಬಂದು ಸ್ವಂತ ತಿಳಿವಿನಿಂದ ದೀಕ್ಷೆಯನ್ನು ಕೇಳುವುದು ಅಂದು ಸಾಮಾನ್ಯವಾಗಿದ್ದಿತು. ಯೋಹಾನರೂ ಬಾಗಿಲ ಹೊರಗೆ ನಿಂತು ಕಾದವರೇ. ಧರ್ಮಾಧ್ಯಕ್ಷ ಮೆಲೇಶಿಯಸರ ಬಳಿ ಮೂರು ವರ್ಷಗಳ ಕಾಲ ಕಲಿತು, 368ರ ಸುಮಾರಿಗೆ ಅವರು ದೀಕ್ಷಿತರಾದರು. ಹೊಸಬನ ಮನಸ್ಸಿನ ಅಳುಕನ್ನು ಮುಂದೆ ಅವರು ಅಷ್ಟು ಸೂಕ್ಷ್ಮವಾಗಿ ಅರಿತಿದ್ದುದಕ್ಕೆ ಇದೂ ಒಂದು ಕಾರಣವಿರಬಹುದು.

ದೀಕ್ಷೆಯಾದ ಬಳಿಕ ಅವರ ಮನಸ್ಸು ತಪಸ್ಸಿನತ್ತ ಹರಿಯಿತು. ಅಂತಿಯೋಕ್ಯದ ಸುತ್ತಲ ಬೆಟ್ಟಗಳಲ್ಲಿ ಆಗ ಅನೇಕ ವಿರಕ್ತರು ನೆಲಸಿದ್ದರು. ಒಬ್ಬ ವೃದ್ಧ ತಪಸ್ವಿಯ ಕೈಕೆಳಗೆ ನಾಲ್ಕು ವರ್ಷ, ತರುವಾಯ ಗವಿಯೊಂದರಲ್ಲಿ ಒಂಟಿಯಾಗಿ ಎರಡು ವರ್ಷ ಅವರು ಕಳೆದರು. ಆ ಎರಡು ವರ್ಷ ಹಗಲಾಗಲಿ ಇರುಳಾಗಲಿ ನೆಲಕ್ಕೆ ಬೆನ್ನು ತಾಗಿಸಲಿಲ್ಲವೆಂದೂ, ನಿದ್ರೆಯನ್ನು ಬಹುಮಟ್ಟಿಗೆ ಜಯಿಸಿ ಶಾಸ್ತ್ರಪಾಠವನ್ನು ಕಂಠಸ್ಥ ಮಾಡಿಕೊಂಡರೆಂದೂ ಅವರ ಚರಿತ್ರೆಯನ್ನು ಬರೆದ ಸಮಕಾಲೀನ ಪಲ್ಲಾಡಿಯಸ್ ತಿಳಿಸಿದ್ದಾನೆ. ಫಲವಾಗಿ ಚಳಿಯೂ ಹಸಿವೂ ಸೇರಿ ಅವರ ಜಠರವನ್ನೂ ಮೂತ್ರಪಿಂಡಗಳನ್ನೂ ಕೆಡಿಸಿದುವು. ತಮ್ಮನ್ನು ತಾವೇ ನೋಡಿಕೊಳ್ಳಲಾರದ ಸ್ಥಿತಿಯಲ್ಲಿ ಅವರು ಊರಿಗೆ ಹಿಂದಿರುಗಿದರು. ಜೈನಾಗಮವು ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಹೇಳುವಾಗ ಶಕ್ತಿಗೆ ತಕ್ಕಂತೆ ಎಂಬ ಮಾತನ್ನು ಕೂಡಿಸಿಯೇ ಹೇಳಿರುವುದು ಇಲ್ಲಿ ನೆನಪಿಗೆ ಬಾರದಿರದು. ಕೆಟ್ಟ ಆ ಹೊಟ್ಟೆ ಯೋಹಾನರಿಗೆ ಸಾಯುವ ತನಕ ಜೊತೆಯಾಗಿದ್ದಿತು. ಮುಂದೆ ಅವರ ಶತ್ರುಗಳಿಗೆ ಅದೇ ಒಂದು ಆಯುಧವೂ ಆಯಿತು.

ಊರಿಗೆ ಬಂದವರು 381ರಲ್ಲಿ ದೇವಾಲಯದ ಸೇವಕವರ್ಗಕ್ಕೂ, 386ರಲ್ಲಿ ವೃದ್ಧ ಧರ್ಮಾಧ್ಯಕ್ಷ ಫ್ಲೇವಿಯನರಿಂದ ಗುರುಪಟ್ಟಕ್ಕೂ ಏರಿದರು. ಮರುವರ್ಷವೇ ಉಪವಾಸಕಾಲದ ಹೊಸ್ತಿಲಲ್ಲಿ ಅಂತಿಯೋಕ್ಯಕ್ಕೆ ಮಹಾವಿಪತ್ತು ಬಂದೆರಗಿತು. ಚಕ್ರವರ್ತಿ ಥಿಯೋಡೋಸಿಯಸನು ಹೊಸದೊಂದು ತೆರಿಗೆಯನ್ನು ವಿಧಿಸಿದನು. ರೊಚ್ಚಿಗೆದ್ದ ಜನರು ಚಕ್ರವರ್ತಿಯ, ಅವನ ಮಕ್ಕಳ, ಆಗತಾನೆ ಗತಿಸಿದ್ದ ಅವನ ಪತ್ನಿಯ ಪ್ರತಿಮೆಗಳನ್ನು ಕೆಡವಿ ಬೀದಿಯಲ್ಲಿ ಎಳೆದಾಡಿದರು. ರೋಮನ್ ಆಳ್ವಿಕೆಯಲ್ಲಿ ಇದು ರಾಜದ್ರೋಹ. ಊರಿಗೆ ಊರನ್ನೇ ನಿರ್ನಾಮ ಮಾಡುವರೆಂಬ ಭೀತಿ ಹಬ್ಬಿತು. ಎಷ್ಟೋ ಮಂದಿ ಮನೆಮಠ ಬಿಟ್ಟು ಕಾಡುಗುಡ್ಡಗಳಿಗೆ ಓಡಿದರು. ಫ್ಲೇವಿಯನರು ತಮ್ಮ ಮುಪ್ಪನ್ನು ಲೆಕ್ಕಿಸದೆ, ಮನೆಯಲ್ಲಿ ಸೋದರಿ ಮರಣಶಯ್ಯೆಯಲ್ಲಿದ್ದರೂ, ಇನ್ನೂ ಚಳಿ ಬಿಡದ ಆ ದಿನಗಳಲ್ಲಿ ಕ್ಷಮೆ ಬೇಡಲು ದೂರದ ಕಾನ್‌ಸ್ಟಾಂಟಿನೋಪಲಿಗೆ ಹೊರಟರು. ಊರಿನ ಭಾರ ಹೊಸ ಗುರುವಿನ ಹೆಗಲಿಗೆ ಬಿದ್ದಿತು.

ಯೋಹಾನರು ಮೊದಲ ಏಳು ದಿನ ಏನನ್ನೂ ನುಡಿಯಲಿಲ್ಲ. ಆಮೇಲೆ ಆರಂಭವಾದ ಪ್ರವಚನಗಳು ಉಪವಾಸದ ದಿನಗಳುದ್ದಕ್ಕೂ ನಡೆದು ಇಪ್ಪತ್ತರಷ್ಟಾದುವು. ಪ್ರತಿಮೆಗಳ ಪ್ರವಚನಗಳೆಂದು ಅವು ಪ್ರಖ್ಯಾತವಾಗಿವೆ. ಸಾವನ್ನು ಎದುರು ನೋಡುತ್ತಿದ್ದ ಜನರಿಗೆ ಅವರು ಬೋಧಿಸಿದ್ದು ಉಪವಾಸದ ಒಳಗುಟ್ಟನ್ನು. ಮಾಂಸವನ್ನೂ ಮೀನನ್ನೂ ಬಿಟ್ಟ ಬಾಯಿ ಪರನಿಂದೆಯಿಂದ ನೆರೆಯವನ ಮಾಂಸವನ್ನೇ ಕಚ್ಚುತ್ತಿದ್ದರೆ ಅದು ಉಪವಾಸವಲ್ಲವೆಂದೂ, ಕಣ್ಣು ಕಿವಿ ಕೈ ಕಾಲುಗಳಿಗೂ ತಮ್ಮ ತಮ್ಮ ಉಪವಾಸವಿದೆಯೆಂದೂ ಅವರು ತಿಳಿಹೇಳಿದರು. ಮಾತುಮಾತಿಗೆ ಆಣೆಯಿಡುವ ದುಶ್ಚಟವನ್ನು ಆ ನಲವತ್ತು ದಿನಗಳಲ್ಲಿ ಬಿಡಿಸಬೇಕೆಂದು ಅವರು ಹಿಡಿದ ಹಟವನ್ನು ಕಂಡರೆ ಆಶ್ಚರ್ಯವಾಗುವುದು. ಊರೇ ಉರಿದುಹೋಗುವ ಹೊತ್ತಿನಲ್ಲಿ ಆಣೆಪ್ರಮಾಣದ ಚಿಂತೆಯೇಕೆ ಎಂದು ಅಂದಿನವರೂ ಕೇಳಿರಬೇಕು. ಯಾವ ಪ್ರವಚನಕ್ಕೆ ಕೂತರೂ ಅವರು ತಿರುಗಿ ತಿರುಗಿ ಅದಕ್ಕೇ ಬರುತ್ತಿದ್ದರು.

ಆ ದಿನಗಳ ಇನ್ನೊಂದು ಸಂಗತಿ ವಿಶೇಷವಾಗಿ ಗಮನಿಸತಕ್ಕದ್ದು. ಆ ಕಾಲದ ಉಪವಾಸಿಗಳು ಸಂಜೆಯ ತನಕ ಏನನ್ನೂ ಸೇವಿಸದೆ ಇರುತ್ತಿದ್ದರು. ದುರ್ಬಲರು ಕೆಲವರು ಮಧ್ಯಾಹ್ನವೇ ಉಂಡು, ಉಂಡ ಬಾಯಿಂದ ದೇವಾಲಯಕ್ಕೆ ಹೇಗೆ ಹೋಗುವುದೆಂದು ನಾಚಿ ಮನೆಯಲ್ಲಿಯೇ ಉಳಿಯುತ್ತಿದ್ದರು. ಯೋಹಾನರು ಅವರನ್ನು ಗದರಿಸಲಿಲ್ಲ. ಉಂಡವರೂ ಬರಬೇಕೆಂದು ಕರೆದರು. ಉಪದೇಶವನ್ನು ಕೇಳಲು ಬೇಕಾದುದು ಎಚ್ಚರವುಳ್ಳ ಮನಸ್ಸೇ ಹೊರತು ಬರಿದಾದ ಹೊಟ್ಟೆಯಲ್ಲವೆಂಬುದು ಅವರ ಅಭಿಪ್ರಾಯ. ಶರೀರಬಲವಿಲ್ಲದವನಿಗೆ ದಾನವುಂಟು, ಪ್ರಾರ್ಥನೆಯುಂಟು, ಕೋಪವನ್ನು ಬಿಡುವುದುಂಟೆಂದು ಬೇರೆ ಪ್ರವಚನಗಳಲ್ಲಿಯೂ ಸಮಾಧಾನ ಹೇಳಿದ್ದಾರೆ. ಅತಿಯಾದ ಉಪವಾಸದಿಂದ ದೇಹವನ್ನು ಕೆಡಿಸಿಕೊಂಡವರ ಬಾಯಿಂದ ಬಂದುದರಿಂದ ಆ ಮಾತಿಗೆ ತೂಕವಿದ್ದಿತು.

ಅಷ್ಟರಲ್ಲಿ ಚಕ್ರವರ್ತಿಯ ಅಧಿಕಾರಿಗಳಿಬ್ಬರು ಬಂದಿಳಿದರು. ಸ್ನಾನಗೃಹಗಳನ್ನೂ ನಾಟಕಶಾಲೆಯನ್ನೂ ಕುದುರೆಯ ಪಂದ್ಯದ ಬಯಲನ್ನೂ ಮುಚ್ಚಿಸಿದರು. ನಗರಸಭೆಯ ಗಣ್ಯರನ್ನು ಸಂಕೋಲೆ ತೊಡಿಸಿ ಸೆರೆಗೆ ತಳ್ಳಿದರು. ಆಗ ಬೆಟ್ಟದ ವಿರಕ್ತರು ಗುಂಪಾಗಿ ಊರಿಗಿಳಿದು ಬಂದರು. ಅವರಲ್ಲಿ ಮೆಸಿಡೋನಿಯಸನೆಂಬ ಮುದುಕನೊಬ್ಬ. ಓದುಬರಹ ಅರಿಯದವನು, ಗ್ರೀಕ್ ಭಾಷೆಯೂ ಬಾರದು. ಕುದುರೆಯ ಮೇಲೆ ಹೋಗುತ್ತಿದ್ದ ಅಧಿಕಾರಿಗಳನ್ನು ಅವನು ನಡುಬೀದಿಯಲ್ಲಿ ತಡೆದು, ಕಂಚಿನ ಪ್ರತಿಮೆ ಹೋದರೆ ಮತ್ತೊಂದನ್ನು ಎರಕ ಹೊಯ್ಯಬಹುದು, ಕೊಂದ ಮನುಷ್ಯನ ಒಂದು ಕೂದಲನ್ನಾದರೂ ಚಕ್ರವರ್ತಿ ಮತ್ತೆ ಮಾಡಿಕೊಡಬಲ್ಲನೇ ಎಂಬರ್ಥದಲ್ಲಿ ತನ್ನ ಸಿರಿಯಾಕ್ ನುಡಿಯಲ್ಲಿ ಕೇಳಿದನು. ದುಭಾಷಿಯು ಅದನ್ನು ಗ್ರೀಕಿನಲ್ಲಿ ತಿಳಿಸಿದಾಗ ಅಧಿಕಾರಿಗಳು ಬೆರಗಾದರು. ಶಿಕ್ಷೆಯನ್ನು ತಡೆಹಿಡಿದು, ಅವರಲ್ಲೊಬ್ಬನು ವರದಿಯೊಡನೆ ರಾಜಧಾನಿಗೆ ಧಾವಿಸಿದನು. ಈಸ್ಟರಿನ ಹೊತ್ತಿಗೆ ಫ್ಲೇವಿಯನರು ಕ್ಷಮಾಪತ್ರವನ್ನು ತಂದರು. ಊರವರು ಬೀದಿಯಲ್ಲಿ ದೀಪ ಹಚ್ಚಿ ಹೂಮಾಲೆ ಕಟ್ಟಿದರು. ಅದೇ ಈಸ್ಟರಿನಲ್ಲಿಯೇ, 387ರ ಏಪ್ರಿಲ್ ತಿಂಗಳಲ್ಲಿ, ಬಹುದೂರದ ಮಿಲಾನ್ ನಗರದಲ್ಲಿ ಅಗಸ್ಟೀನರೆಂಬ ಇನ್ನೊಬ್ಬ ಮಹಾಪುರುಷರು ಜ್ಞಾನಸ್ನಾನ ಪಡೆದರು. ಪಶ್ಚಿಮದ ಕ್ರೈಸ್ತಮತವನ್ನು ರೂಪಿಸಿದವರಲ್ಲಿ ಅವರು ಅಗ್ರಗಣ್ಯರು.

ಕಲಹದ ದಿನಗಳಲ್ಲಿ ಭಯದಿಂದ ದೇವಾಲಯದೊಳಗೆ ಕಾಲಿಟ್ಟ ಅನ್ಯಮತೀಯರಲ್ಲಿ ಹಲವರು ಅಲ್ಲಿಯೇ ಉಳಿದರು. ಅವರಿಗೆ ಉಪದೇಶ ನೀಡುವುದರಲ್ಲಿಯೇ ಯೋಹಾನರ ಎಷ್ಟೋ ದಿನಗಳು ಕಳೆದುವು. ಮುಂದಿನ ಕೆಲವು ವರ್ಷಗಳಲ್ಲಿ ದೀಕ್ಷಾರ್ಥಿಗಳಿಗೆ ಅವರು ಹೇಳಿದ ಪಾಠಗಳಲ್ಲಿ ಎಂಟು ಪಾಠಗಳಿದ್ದ ಹಸ್ತಪ್ರತಿಯೊಂದು 1955ರಲ್ಲಿ ಗ್ರೀಸ್ ದೇಶದ ಆಥೋಸ್ ಪರ್ವತದ ಮಠವೊಂದರಲ್ಲಿ ಬೆಳಕಿಗೆ ಬಂದಿತು. ಅಂದಿನ ಕ್ರಮವು ಅವುಗಳಿಂದ ಸ್ಪಷ್ಟವಾಗುತ್ತದೆ. ಹೊಸಬನೊಬ್ಬನಿಗೆ ಹಳಬನೊಬ್ಬನು ಹೊಣೆಯಾಗಿ ನಿಲ್ಲಬೇಕು. ಸಾಲದ ಹಣಕ್ಕೆ ಜಾಮೀನು ನಿಂತವನು ಎಷ್ಟು ಎಚ್ಚರದಿಂದಿರುವನೋ ಅದಕ್ಕಿಂತ ಹೆಚ್ಚಾಗಿ ಆ ಹೊಣೆಗಾರನು ಎಚ್ಚರದಿಂದಿರಬೇಕೆಂದೂ, ಅವನು ಹೊಸಬನಿಗೆ ತಂದೆಯ ಸಮಾನನೆಂದೂ ಯೋಹಾನರು ವಿಧಿಸಿದರು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತೀಕರಣ ವಾತ್ಸಲ್ಯಗಳನ್ನು ಬಲ್ಲವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ದೀಕ್ಷಾರ್ಥಿಯು ಬರಿಗಾಲಲ್ಲಿ, ಒಂದೇ ಅಂಗಿಯನ್ನುಟ್ಟು, ಸೆರೆಯಾಳಿನಂತೆ ಕೈಗಳನ್ನು ಚಾಚಿ ನಿಲ್ಲುತ್ತಿದ್ದನು. ಧನಿಕನಿಗೂ ದಾಸನಿಗೂ ಅದೇ ವೇಷ. ಹಬ್ಬದ ಹಿಂದಿನ ರಾತ್ರಿ ತೈಲಾಭ್ಯಂಗವಾಗಿ, ಮೂರು ಬಾರಿ ನೀರಿನಲ್ಲಿ ಮುಳುಗಿ ಎದ್ದು ಬಂದೊಡನೆ ನೆರೆದವರೆಲ್ಲರೂ ಅವನನ್ನು ತಬ್ಬಿಕೊಂಡು ಮುದ್ದಿಡುತ್ತಿದ್ದರು. ಆಮೇಲೆ ಬಿಳಿಯ ಬಟ್ಟೆ, ಆಮೇಲೆ ಎಲ್ಲರೊಡನೆ ಒಂದೇ ಪಂಕ್ತಿಯಲ್ಲಿ ಪ್ರಸಾದ.

ಹಳ್ಳಿಗಾಡಿನಿಂದ ಸಿರಿಯಾಕ್ ನುಡಿಯುವ ಒಕ್ಕಲಿಗರೂ ವಿರಕ್ತರೂ ನಗರದ ದೇವಾಲಯಕ್ಕೆ ಬಂದಾಗ ಗ್ರೀಕ್ ಬಲ್ಲ ನಾಗರಿಕರು ಅವರ ಒರಟು ಉಡುಪನ್ನೂ ನುಡಿಯನ್ನೂ ಕಂಡು ಮೂಗುಮುರಿಯುತ್ತಿದ್ದರು. ಅಂಥ ಒಂದು ದಿನ ಯೋಹಾನರು ಆ ಹಳ್ಳಿಗರ ಮುಂದೆಯೇ ಅವರ ಶ್ರಮವನ್ನೂ ನಿರ್ಮಲವಾದ ಬಾಳನ್ನೂ ಹೊಗಳಿ, ನಾಲಗೆ ಬೇರೆಯಾದರೂ ನಂಬಿಕೆ ಬೇರೆಯಲ್ಲವೆಂದು ನಗರದವರಿಗೆ ಬುದ್ಧಿ ಹೇಳಿದರು.

ಈ ಬಾಗಿಲು ಎಲ್ಲರಿಗೂ ಒಂದೇ ಸಮನಾಗಿ ತೆರೆದಿತ್ತೆಂದು ಮಾತ್ರ ಹೇಳುವಂತಿಲ್ಲ. ಅಂತಿಯೋಕ್ಯದ ಕೆಲವು ಕ್ರೈಸ್ತರು ಯೆಹೂದ್ಯರ ಹಬ್ಬಗಳಿಗೂ ಉಪವಾಸಗಳಿಗೂ ಹೋಗುತ್ತಿದ್ದುದನ್ನು ತಡೆಯಲು 386ರಿಂದ ಯೋಹಾನರು ಮಾಡಿದ ಪ್ರವಚನಗಳಲ್ಲಿ ಯೆಹೂದ್ಯರ ಮೇಲೆ ಸುರಿಸಿದ ಬೈಗುಳ ಕೇಳಲಾಗದಂಥದು. ಪರನಿಂದೆಯನ್ನು ಬಿಡದ ಉಪವಾಸ ವ್ಯರ್ಥವೆಂದು ಬೋಧಿಸಿದ ಬಾಯಿಯೇ ಇದನ್ನೂ ಆಡಿತು. ಕಾಲಾಂತರದಲ್ಲಿ ದ್ವೇಷಿಗಳು ಆ ಮಾತುಗಳನ್ನು ಆಯುಧವಾಗಿ ಬಳಸಿದರು. ಆ ಕಾಲದ ವಾಗ್ಮಿಗಳ ಪದ್ಧತಿಯೇ ಹಾಗಿತ್ತೆಂದು ಕೆಲವರು ಸಮರ್ಥಿಸುವುದುಂಟು. ಅನೇಕಾಂತವನ್ನು ಒಪ್ಪಿದವರಿಗೆ ಆ ಸಮರ್ಥನೆ ಸಾಲದು.

398ರಲ್ಲಿ ಯೋಹಾನರು ರಾಜಧಾನಿಯ ಮಹಾಧರ್ಮಾಧ್ಯಕ್ಷರಾದರು. ಈ ಪದವಿಯನ್ನು ಅವರು ಬಯಸಿರಲಿಲ್ಲ. ಅಂತಿಯೋಕ್ಯದ ಜನ ತಡೆದಾರೆಂದು ಗುಟ್ಟಾಗಿ ಅವರನ್ನು ಕರೆದೊಯ್ಯಲಾಯಿತು. ಹಿಂದಿನ ಅಧ್ಯಕ್ಷರ ಔತಣಗಳು ನಿಂತುವು. ಮನೆವಾರ್ತೆಯಲ್ಲಿ ಉಳಿದ ಹಣ ಆಸ್ಪತ್ರೆಗಳಿಗೆ ಸಂದಿತು. ಅಮೃತಶಿಲೆಯನ್ನೂ ಮಾರಿಸಿದರು. ನಗರದಲ್ಲಿದ್ದ ಗೋಥ್ ಜನರನ್ನು ಉತ್ತರದ ಕಾಡುಜನರೆಂದು ಗ್ರೀಕರು ಹೀಗಳೆಯುತ್ತಿದ್ದರು. ಅವರಿಗೆ ಒಂದು ದೇವಾಲಯವನ್ನೇ ಬಿಟ್ಟುಕೊಟ್ಟು, ಅವರದೇ ನುಡಿಯಲ್ಲಿ ಪಾರಾಯಣ ನಡೆಯುವಂತೆ ಮಾಡಿ, ತಾವೂ ಅಲ್ಲಿಗೆ ಹೋಗಿ ದುಭಾಷಿಯ ಮೂಲಕ ಪ್ರವಚನ ಮಾಡುತ್ತಿದ್ದರು. ದೇವಾಲಯಕ್ಕೆ ಶರಣು ಬಂದವರನ್ನು ರಕ್ಷಿಸುವ ಹಕ್ಕನ್ನು ಕಿತ್ತುಕೊಳ್ಳಲೆಳಸಿದ್ದ ಮಂತ್ರಿ ಯುಟ್ರೋಪಿಯಸನು 399ರಲ್ಲಿ ಪದಚ್ಯುತನಾಗಿ, ಪ್ರಾಣಭಯದಿಂದ ಅದೇ ದೇವಾಲಯದ ಪೀಠವನ್ನು ತಬ್ಬಿ ನಿಂತಾಗ, ಅವನನ್ನೂ ಸೈನಿಕರಿಗೆ ಒಪ್ಪಿಸಲಿಲ್ಲ.

ಆದರೆ ಯೋಹಾನರಲ್ಲಿ ನಯವಿರಲಿಲ್ಲ. ಲೋಭಿಗಳಾದ ಗುರುಗಳನ್ನೂ ಆಡಂಬರದ ಶ್ರೀಮಂತ ಸ್ತ್ರೀಯರನ್ನೂ ಅವರು ಖಂಡಿಸುತ್ತಿದ್ದ ರೀತಿ ಕಠೋರವಾದುದು. ಮಹಾರಾಣಿ ಯುಡೋಕ್ಸಿಯಳು ತನ್ನ ಮೇಲೆಯೇ ಆಡಿದರೆಂದು ಭಾವಿಸಿದಳು. ಆ ಹೊತ್ತಿನಲ್ಲಿ, 401ರ ಸುಮಾರಿಗೆ, ಈಜಿಪ್ಟಿನಿಂದ ಐವತ್ತು ಮಂದಿ ವಿರಕ್ತರು ಅಲೆಮಾರಿಗಳಾಗಿ ಬಂದರು. ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷ ಥಿಯೋಫಿಲಸನು ಅವರನ್ನು ಮತಭ್ರಷ್ಟರೆಂದು ಅಟ್ಟಿದ್ದನು. ಯೋಹಾನರು ವಿಚಾರಣೆಯಾಗುವ ತನಕ ಅವರಿಗೆ ಪ್ರಸಾದವನ್ನು ಕೊಡಲಿಲ್ಲ. ಆದರೆ ವಸತಿ ಕೊಟ್ಟರು. ಭಕ್ತ ಮಹಿಳೆಯರು ಅವರಿಗೆ ಉಣಲಿಕ್ಕಿದರು. ನಿಯಮವನ್ನೂ ಮೀರದೆ ಅತಿಥಿಯನ್ನೂ ನೂಕದೆ ನಡೆದ ಈ ಎಚ್ಚರಿಕೆ ಥಿಯೋಫಿಲಸನ ಕೋಪವನ್ನು ತಣಿಸಲಿಲ್ಲ.

403ರಲ್ಲಿ ಥಿಯೋಫಿಲಸನು ತನ್ನವರೊಡನೆ ಬಂದು, ರಾಜಧಾನಿಯ ಎದುರುದಂಡೆಯಲ್ಲಿ ಓಕ್ ಎಂಬ ಸ್ಥಳದಲ್ಲಿ ಸಭೆ ಸೇರಿಸಿ, ಯೋಹಾನರ ಮೇಲೆ ಹತ್ತಾರು ಆರೋಪಗಳನ್ನು ಹೊರಿಸಿದನು. ಅವುಗಳಲ್ಲಿ ಮೂರು ಈ ಕಥೆಗೆ ಬೇಕಾದುವು. ಒಂದು, ಅತಿಥಿಗಳನ್ನು ಪಂಕ್ತಿಗೆ ಕರೆಯದೆ ಒಬ್ಬರೇ ಉಣ್ಣುತ್ತಾರೆಂಬುದು. ಗವಿಯ ತಪಸ್ಸಿನಲ್ಲಿ ಕೆಟ್ಟ ಹೊಟ್ಟೆಗೆ ಪಥ್ಯದ ಗಂಜಿಯ ಹೊರತು ಬೇರೇನೂ ಒಗ್ಗುತ್ತಿರಲಿಲ್ಲವೆಂಬುದನ್ನು ಯಾರೂ ಕೇಳಲಿಲ್ಲ. ಎರಡು, ಎಷ್ಟು ಸಲ ತಪ್ಪಿದರೂ ಮತ್ತೆ ಪಶ್ಚಾತ್ತಾಪದಿಂದ ಬಂದರೆ ವಾಸಿಮಾಡುವೆನೆಂದು ಪಾಪಿಗಳಿಗೆ ಸಲಿಗೆ ಕೊಡುತ್ತಾರೆಂಬುದು. ಮೂರು, ಕ್ರೈಸ್ತರಿಗೆ ಕೇಡೆಣಿಸಿದ ಅನ್ಯಮತೀಯರಿಗೂ ದೇವಾಲಯದಲ್ಲಿ ಆಶ್ರಯ ನೀಡುತ್ತಾರೆಂಬುದು. ಬಾಗಿಲನ್ನು ಮುಚ್ಚಿದರೆಂದೂ ಅತಿಯಾಗಿ ತೆರೆದರೆಂದೂ ಒಂದೇ ಸಭೆಯಲ್ಲಿ ಒಬ್ಬರ ಮೇಲೆ ದೂರು ಬಂದುದು ವಿಚಿತ್ರವೇ ಸರಿ. ಸಭೆ ಅವರನ್ನು ಪದಚ್ಯುತಗೊಳಿಸಿತು. ಗಡಿಪಾರಾದ ಕೆಲವೇ ದಿನಗಳಲ್ಲಿ ಅರಮನೆಯಲ್ಲಿ ಸಂಭವಿಸಿದ ಅನಿಷ್ಟವೊಂದಕ್ಕೆ ಹೆದರಿ ಮಹಾರಾಣಿಯೇ ಅವರನ್ನು ಹಿಂದಕ್ಕೆ ಕರೆಯಿಸಿದಳು. ಆದರೆ ದೇವಾಲಯದ ಸಮೀಪದಲ್ಲಿ ಅವಳ ಬೆಳ್ಳಿಯ ಪ್ರತಿಮೆಯನ್ನು ನಿಲ್ಲಿಸಿ ಕುಣಿತ ಗದ್ದಲಗಳು ನಡೆದಾಗ ಯೋಹಾನರು ಮತ್ತೆ ಖಂಡಿಸಿದರು, ಸಂಧಿ ಮುರಿಯಿತು.

404ರ ಉಪವಾಸಕಾಲ ಬಂದಿತು. ಆ ವರ್ಷವೂ ಎಂದಿನಂತೆ ದೀಕ್ಷಾರ್ಥಿಗಳು ಉಪವಾಸವಿದ್ದು ಪಾಠ ಕೇಳಿ ಹಬ್ಬದ ರಾತ್ರಿಗಾಗಿ ಕಾದಿದ್ದರು. ಯೋಹಾನರು ದೇವಾಲಯಕ್ಕೆ ಬಾರದಂತೆ ಚಕ್ರವರ್ತಿ ಅರ್ಕೇಡಿಯಸನು ಅವರನ್ನು ನಿವಾಸದಲ್ಲಿಯೇ ತಡೆದಿರಿಸಿದನು. ಅವರಿಗೆ ನಿಷ್ಠರಾದ ಗುರುಗಳು ದೇವಾಲಯದಿಂದ ಹೊರದೂಡಲ್ಪಟ್ಟಾಗ, ಊರಿನ ದೊಡ್ಡದೊಂದು ಸಾರ್ವಜನಿಕ ಸ್ನಾನಗೃಹದಲ್ಲಿ ಜಾಗರಣೆಯನ್ನು ಆರಂಭಿಸಿ ಅಲ್ಲಿಯೇ ದೀಕ್ಷೆ ಕೊಡತೊಡಗಿದರು. ನಡುರಾತ್ರಿಯಲ್ಲಿ ಖಡ್ಗಧಾರಿಗಳಾದ ಸೈನಿಕರು ಒಳನುಗ್ಗಿದರು. ಗುರುಗಳ ತಲೆಗಳಿಗೆ ಪೆಟ್ಟು ಬಿದ್ದುವು. ಸ್ನಾನಕ್ಕಾಗಿ ಉಡುಪು ಕಳಚಿದ್ದ ಸ್ತ್ರೀಯರು ಮೈಮುಚ್ಚಿಕೊಳ್ಳಲೂ ಸಮಯವಿಲ್ಲದೆ ಕತ್ತಲಲ್ಲಿ ಓಡಿದರು. ದೀಕ್ಷೆಯ ನೀರು ನೆತ್ತರಿನಿಂದ ಕೆಂಪಾಯಿತೆಂಬುದನ್ನು ಯೋಹಾನರು ರೋಮಿನ ಧರ್ಮಾಧ್ಯಕ್ಷ ಇನೊಸೆಂಟರಿಗೆ ಬರೆದ ಪತ್ರದಲ್ಲಿ ತಿಳಿಸಿದ್ದಾರೆ. ಮರುದಿನ ಅರ್ಕೇಡಿಯಸನು ಊರ ಹೊರಗೆ ಕುದುರೆಯ ಮೇಲೆ ಹೋಗುತ್ತಿರಲಾಗಿ, ಬಯಲಿನಲ್ಲಿ ಬಿಳಿಯ ಬಟ್ಟೆಯ ಜನಸ್ತೋಮವನ್ನು ಕಂಡು ಅವರಾರೆಂದು ಕೇಳಿದನು. ಅವರು ಆ ರಾತ್ರಿ ದೀಕ್ಷೆ ಪಡೆದವರು, ಸುಮಾರು 3000 ಮಂದಿ. ಪಟ್ಟಣದೊಳಗೆ ಎಡೆಯಿಲ್ಲದೆ ಹಬ್ಬವನ್ನು ಬಯಲಲ್ಲಿ ಆಚರಿಸುತ್ತಿದ್ದರು. ಮತಭ್ರಷ್ಟರೆಂದು ಅವನಿಗೆ ಹೇಳಲಾಯಿತು. ಅಲ್ಲಿಂದಲೂ ಅವರನ್ನು ಚದುರಿಸಿದರು.

ಜೂನ್ ತಿಂಗಳಲ್ಲಿ ಯೋಹಾನರು ಕೊನೆಯ ಬಾರಿ ರಾಜಧಾನಿಯನ್ನು ಬಿಟ್ಟರು. ಜನರು ದಂಗೆಯೇಳದಿರಲೆಂದು ಸದ್ದಿಲ್ಲದೆ ಬೇರೊಂದು ಬಾಗಿಲಿನಿಂದ ಹೊರಟರು. ಆರ್ಮೀನಿಯದ ಬೆಟ್ಟಗಳ ನಡುವಿನ ಕುಕುಸಸ್ ಎಂಬ ಕುಗ್ರಾಮದಲ್ಲಿ ಮೂರು ವರ್ಷ ಚಳಿ, ಜಠರಶೂಲೆ, ದರೋಡೆಕಾರರ ಹಾವಳಿಗಳ ನಡುವೆ ಕಳೆದರು. ಅಲ್ಲಿಂದಲೇ ಗೆಳೆಯರಿಗೆ ನೂರಾರು ಪತ್ರಗಳನ್ನು ಬರೆದರು. ಒಲಿಂಪಿಯಾಸ್ ಎಂಬ ದಾನಶೀಲ ವಿಧವೆಗೆ ಬರೆದ ಹದಿನೇಳು ಪತ್ರಗಳು ಉಳಿದಿವೆ. ಪತ್ರಗಳ ಬಲದಿಂದ ಅವರ ಪ್ರಭಾವ ಕುಂದದಿರುವುದನ್ನು ಕಂಡು, 407ರಲ್ಲಿ ಕಪ್ಪುಸಮುದ್ರದ ಪೂರ್ವತೀರದ ಪಿಟಿಯಸ್ ಎಂಬಲ್ಲಿಗೆ ಸಾಗಿಸುವಂತೆ ಆಜ್ಞೆಯಾಯಿತು. ಬಿಸಿಲು ಮಳೆಗಳಲ್ಲಿ ತಿಂಗಳುಗಟ್ಟಲೆ ನಡೆಸಲ್ಪಟ್ಟು, ಕೊಮಾನಾ ಎಂಬ ಊರಿನ ಬಳಿ ಬಿದ್ದರು. ಬಿಳಿಯ ವಸ್ತ್ರವನ್ನು ಕೇಳಿ ಉಟ್ಟುಕೊಂಡು, ತಮ್ಮ ಹಳೆಯ ಬಟ್ಟೆಗಳನ್ನು ಸುತ್ತಲಿದ್ದವರಿಗೆ ಹಂಚಿ, ಸೆಪ್ಟೆಂಬರ್ 14ರಂದು ದೇಹಬಿಟ್ಟರು. 438ರಲ್ಲಿ ಅರ್ಕೇಡಿಯಸನ ಮಗ ಎರಡನೆಯ ಥಿಯೋಡೋಸಿಯಸನು ಅವರ ಅವಶೇಷಗಳನ್ನು ರಾಜಧಾನಿಗೆ ತರಿಸಿ, ಆ ಪೆಟ್ಟಿಗೆಯ ಮೇಲೆ ಹಣೆಯಿಟ್ಟು ತನ್ನ ತಂದೆತಾಯಿಗಳ ಪರವಾಗಿ ಕ್ಷಮೆ ಬೇಡಿದನು.

ಪೂರ್ವದೇಶದ ಆರ್ಥೊಡಾಕ್ಸ್ ಕ್ರೈಸ್ತರ ದೇವಾಲಯಗಳಲ್ಲಿ ಉಪವಾಸ ಮುಗಿಯುವ ಈಸ್ಟರಿನ ರಾತ್ರಿ, ಯೋಹಾನರದೆಂದು ಪರಂಪರೆಯಿಂದ ಬಂದ ಒಂದು ಚಿಕ್ಕ ಪ್ರವಚನವನ್ನು ಪ್ರತಿ ವರ್ಷವೂ ಓದುತ್ತಾರೆ. ನಲವತ್ತು ದಿನಗಳ ಉಪವಾಸವನ್ನು ಪೂರೈಸಿದವರನ್ನೂ ಒಂದು ದಿನವೂ ಉಪವಾಸವಿರದವರನ್ನೂ, ಬೆಳಗಿನಲ್ಲೇ ಬಂದವರನ್ನೂ ದಿನದ ಕಡೆಯ ಗಳಿಗೆಯಲ್ಲಿ ಬಂದವರನ್ನೂ ಅದು ಒಂದೇ ಪಾರಣೆಗೆ ಕರೆಯುತ್ತದೆ. ಅದನ್ನು ಓದುವಾಗ ಯಾರೂ ಕುಳಿತಿರುವುದಿಲ್ಲ. ಹಳಬರೂ ಹೊಸಬರೂ ಎದ್ದುನಿಂತು ಕೇಳುತ್ತಾರೆ.